ಆಡಿಟರ್ ಎಂಬ ಪದದ ಅರ್ಥವೂ ಮೂಲವೂ

ವರ್ಷಕ್ಕೊಮ್ಮೆ ಶಾಲೆಗಳಿಗೂ ಸಂಘಗಳಿಗೂ ಬಂದು ಲೆಕ್ಕದ ಪುಸ್ತಕಗಳನ್ನು ನೋಡಿ ರುಜು ಹಾಕುವವರನ್ನು ನಾವು ಆಡಿಟರೆಂದು ಕರೆಯುತ್ತೇವೆ. ಅವರ ಕೆಲಸವು ಬಹುಮಟ್ಟಿಗೆ ಕಣ್ಣಿನದು. ಹೆಸರಾದರೋ ಕಿವಿಗೆ ಸಂಬಂಧಿಸಿದುದು. ಇದು ಹೇಗಾಯಿತೆಂದು ವಿಚಾರಿಸುವುದು ವಿನೋದಕರವೂ ಬೋಧಪ್ರದವೂ ಆಗಿದೆ.

ಲ್ಯಾಟಿನ್ ಭಾಷೆಯಲ್ಲಿ ‘ಆಡಿಟರ್’ ಎಂದರೆ ಕೇಳುವವನು ಎಂದರ್ಥ. ಸಭಿಕರು ಕುಳಿತು ಕೇಳುವ ಮಂದಿರಕ್ಕೆ ‘ಆಡಿಟೋರಿಯಂ’ ಎಂಬ ಹೆಸರು ಬಂದುದೂ ಇದೇ ಧಾತುವಿನಿಂದ. ಮಧ್ಯಯುಗದ ಇಂಗ್ಲೆಂಡಿನಲ್ಲಿ ಓದುಬರಹ ಬಲ್ಲವರು ವಿರಳವಾಗಿದ್ದರು. ಆದಕಾರಣ ಜಮೀನ್ದಾರನ ಪಾರುಪತ್ಯಗಾರನು ತನ್ನ ಆಯವ್ಯಯಗಳನ್ನು ಗಟ್ಟಿಯಾಗಿ ಒಪ್ಪಿಸುತ್ತಿದ್ದನು. ಯಜಮಾನನು ನೇಮಿಸಿದವರು ಅದನ್ನು ಕೇಳಿ, ಪ್ರಶ್ನಿಸಿ, ಒಪ್ಪುತ್ತಿದ್ದರು ಅಥವಾ ನಿರಾಕರಿಸುತ್ತಿದ್ದರು. ಈ ಕೇಳುವಿಕೆಯು ಹಗುರವಾದ ವಿಷಯವಾಗಿರಲಿಲ್ಲ. 1285ರ ವೆಸ್ಟ್‌ಮಿನ್‌ಸ್ಟರ್ ಶಾಸನದ ಪ್ರಕಾರ, ಹಣ ಬಾಕಿ ಉಳಿಸಿಕೊಂಡ ಪಾರುಪತ್ಯಗಾರನನ್ನು ಆಡಿಟರುಗಳ ಸಾಕ್ಷ್ಯದ ಮೇಲೆಯೇ ಸೆರೆಮನೆಗೆ ಕಳುಹಿಸಬಹುದಾಗಿತ್ತು. ಕಾಲಕ್ರಮದಲ್ಲಿ ಪುಸ್ತಕ ರಶೀತಿಗಳನ್ನು ಕಣ್ಣಾರೆ ತಾಳೆ ನೋಡುವ ಪದ್ಧತಿಯು ಬಂದಿತು. ಹಳೆಯ ಹೆಸರು ಮಾತ್ರ ಉಳಿಯಿತು.

ಕನ್ನಡದಲ್ಲಿ ಇದಕ್ಕೆ ‘ಲೆಕ್ಕಪರಿಶೋಧಕ’ ಎಂಬ ಮಾತುಂಟು. ಸಂಸ್ಕೃತದ ‘ಶುಧ್’ ಧಾತುವಿಗೆ ಶುದ್ಧವಾಗು ಎಂದರ್ಥ. ‘ಪರಿ’ ಎಂದರೆ ಸುತ್ತಲೂ. ಲೆಕ್ಕವನ್ನು ಎಲ್ಲ ಕಡೆಯಿಂದಲೂ ಪರೀಕ್ಷಿಸಿ ಶುದ್ಧಗೊಳಿಸುವವನೇ ಪರಿಶೋಧಕನು. ಪಾಶ್ಚಾತ್ಯರ ಪದವು ಕಾರ್ಯದ ರೀತಿಯನ್ನು ಸೂಚಿಸಿದರೆ, ನಮ್ಮ ಪದವು ಅದರ ಫಲವನ್ನು ಸೂಚಿಸುತ್ತದೆ.

ಈ ಎರಡು ಹೆಸರುಗಳೂ ಬಹುಕಾಲ ಪುರುಷರಿಗೇ ಮೀಸಲಾಗಿದ್ದುವು. ಲಂಡನ್ನಿನಲ್ಲಿ ಸ್ವಂತವಾಗಿ ಈ ವೃತ್ತಿಯನ್ನು ನಡೆಸುತ್ತಿದ್ದ ಮೇರಿ ಹ್ಯಾರಿಸ್ ಸ್ಮಿತ್ ಎಂಬ ಮಹಿಳೆಯು 1891ರಲ್ಲಿ ಚಾರ್ಟರ್ಡ್ ಅಕೌಂಟೆಂಟರ ಸಂಸ್ಥೆಗೆ ಸೇರಲು ಅರ್ಜಿ ಹಾಕಿದರು. ಸ್ತ್ರೀಯೆಂಬ ಕಾರಣದಿಂದ ಅದು ತಿರಸ್ಕೃತವಾಯಿತು. 1919ರಲ್ಲಿ ಕಾನೂನು ಬದಲಾದ ಮೇಲೆ, 1920ರಲ್ಲಿ ಅವರನ್ನು ಸೇರಿಸಿಕೊಂಡಾಗ ಅವರ ವಯಸ್ಸು ಎಪ್ಪತ್ತನ್ನು ಮೀರಿತ್ತು. ನಮ್ಮ ದೇಶದಲ್ಲಿ ಮದರಾಸಿನ ಶ್ರೀಮತಿ ಆರ್. ಶಿವಭೋಗಂ 1933ರಲ್ಲಿ ಲೆಕ್ಕಶಾಸ್ತ್ರದ ಸರಕಾರೀ ಪರೀಕ್ಷೆಯಲ್ಲಿ ತೇರ್ಗಡೆ ಹೊಂದಿ, ಈ ವೃತ್ತಿಗೆ ಅರ್ಹರಾದ ಮೊದಲನೆಯ ಮಹಿಳೆಯೆನಿಸಿದರು.

ಗಣಿತವು ಹೆಣ್ಣುಮಕ್ಕಳಿಗೆ ಒಗ್ಗದೆಂಬ ಮಾತು ಈಗಲೂ ಕೆಲವು ಮನೆಗಳಲ್ಲಿ ಕೇಳಿಬರುತ್ತದೆ. ಮನೆಯ ದಿನಸಿಯ ಚೀಟಿಯನ್ನು ಕೂಡಿ ನೋಡಿ, ಅಂಗಡಿಯವನ ತಪ್ಪನ್ನು ಹಿಡಿಯುವ ಬಾಲಿಕೆಯು ಆಗಲೇ ಅರ್ಧ ಪರಿಶೋಧಕಿಯಾಗಿರುತ್ತಾಳೆ. ಉಳಿದರ್ಧವನ್ನು ಕಲಿಯಲು ಆಕೆಗೆ ಅವಕಾಶ ಕೊಡುವುದು ತಂದೆತಾಯಿಗಳ ಕೈಯಲ್ಲಿದೆ. ಸ್ಮಿತ್ ಅವರಂತೆ ಆಕೆಯೂ ಸುಮಾರು ಮೂವತ್ತು ವರ್ಷ ಕಾಯಬೇಕಾಗದಿರಲಿ.