ಮುತ್ತಜ್ಜಿಯ ತವರು ಯಾವೂರು?

ನಿಮ್ಮ ಮುತ್ತಜ್ಜಿಯ ತವರೂರು ಯಾವುದು, ಥಟ್ಟನೆ ಹೇಳಿ ನೋಡೋಣ? ನನಗೂ ಗೊತ್ತಿರಲಿಲ್ಲ. 1117ರ ಬೇಲೂರು ಗುಡಿಯಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಕಲ್ಲಿನಲ್ಲೇ ಹೆಸರು ಕೆತ್ತಿ ಹೋಗಿದ್ದಾರೆ. ನಮ್ಮ ಮನೆಯ ಗಂಡಸರ ಹೆಸರು ಜಮೀನಿನ ಹಳೇ ಪತ್ರದಲ್ಲೋ, ಎತ್ತಿನ ಮೇಲೆ ಬಂದು ವಂಶಾವಳಿ ಓದಿ ದವಸ ಪಡೆಯುವ ಹೆಳವರ ಬಾಯಲ್ಲೋ ಸಿಕ್ಕೀತು. ಹೆಂಗಸರದ್ದು?

ಅಟ್ಟದ ಹಿತ್ತಾಳೆ ಕೊಡದ ಮೇಲೆ ಸಿಕ್ಕಿತು! ಅರಸೀಕೆರೆಯ ನಮ್ಮ ಮನೆಯಲ್ಲಿ ಹುಣಸೆಹಣ್ಣು ಹಾಕಿ ತಿಕ್ಕುವಾಗ ಕಂಠದ ಬಳಿ ಚುಕ್ಕಿ ಚುಕ್ಕಿ ಅಕ್ಷರ: ಮುತ್ತಜ್ಜಿಯ ಹೆಸರು, ಕೆಳಗೆ 'ಹಳೇಬೀಡು'. ಮದುವೆಗೆ ತವರಿನವರು ಕೊರೆಸಿ ಕೊಟ್ಟದ್ದು. (ನೀವೂ ಅಷ್ಟೆ, ಹಳೇ ಪಾತ್ರೆ ಗುಜರಿಗೆ ಹಾಕುವ ಮುನ್ನ ಒಮ್ಮೆ ತಿಕ್ಕಿ ನೋಡಿ.)

ಬಸ್ಸು ಹತ್ತಿ ಹೋದೆ. ಹಳೇ ಮನೆಗಳಲ್ಲಿ ವಿಚಾರಿಸುತ್ತಾ ಮೂರನೆಯದಕ್ಕೆ ಬಂದಾಗ ಅಲ್ಲಿನ ಅಜ್ಜಿ ಹೆಸರು ಕೇಳಿದವರೇ, "ಅಯ್ಯೋ, ನಮ್ಮ ಮಾವನವರ ಸೋದರತ್ತೆ ಕಣಮ್ಮ! ಬಾಣಂತನಕ್ಕೆ ಕಳಿಸಲಿಲ್ಲ ಅಂತ ಜಗಳವಾಗಿ ಹೋಗಿಬರೋದೇ ನಿಂತೋಯ್ತಂತೆ" ಅಂದರು.

ಹೊರಟು ನಿಂತಾಗ, "ತವರಿಗೆ ಬಂದೋಳು ಬರಿಗೈಲಿ ಹೋಗ್ತಾಳಾ?" ಎಂದು ಗದರಿ, ಕುಂಕುಮ ಕೊಟ್ಟು, ಅಕ್ಕಿ, ಬೆಲ್ಲ, ಕೊಬ್ಬರಿ ಇಟ್ಟು ಮಡಿಲು ತುಂಬಿದರು. ಮುತ್ತಜ್ಜಿಗೆ ತಪ್ಪಿದ್ದ ಮಡಿಲಕ್ಕಿ ಅದು.