ಚಪ್ಪಲಿ ಕಚ್ಚಿದ ಗಾಯವಲ್ಲ

ಕಾಲ್ಬೆರಳ ತುದಿಯಲ್ಲೊಂದು ಸಣ್ಣ ಹುಣ್ಣು. ಚಪ್ಪಲಿ ಕಚ್ಚಿರಬೇಕು ಎಂದುಕೊಂಡು ಮುಲಾಮು ಹಚ್ಚಿದರೆ ವಾರಗಳಾದರೂ ಮಾಯುವುದಿಲ್ಲ. ನಾಲ್ಕು ಹೆಜ್ಜೆ ಬಿರುಸಾಗಿ ನಡೆದರೆ ಮೀನಖಂಡ ಹಿಡಿದುಕೊಳ್ಳುತ್ತದೆ, ನಿಂತರೆ ಬಿಡುತ್ತದೆ. ಆಮೇಲೆ ಮಲಗಿದಾಗಲೂ ನೋವು. ಬೆರಳು ನೀಲಿಗಟ್ಟಿ ಕಪ್ಪಾಗುವ ಹೊತ್ತಿಗೂ ಹುಡುಗನ ವಯಸ್ಸು ಮೂವತ್ತು ದಾಟಿರುವುದಿಲ್ಲ. ಶುಗರ್ ಇಲ್ಲ, ಕೊಲೆಸ್ಟ್ರಾಲ್ ಸರಿಯಾಗಿಯೇ ಇದೆ.

1960ರಲ್ಲಿ ಸ್ಟರ್ನ್ ಮತ್ತು ಡುಕಾಸ್ಟೇಂಗ್ ಎಂಬ ಇಬ್ಬರು ವೈದ್ಯರು ಫ್ರೆಂಚ್ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಬರೆದದ್ದು ಇದನ್ನೇ. ಅವರು ನೋಡಿದ್ದು ಮೊರಾಕೊದ 32 ಮಂದಿಯನ್ನು, ಎಲ್ಲರೂ ಗಾಂಜಾ ಸೇದುವವರು. ಅಲ್ಲಿ ಅದಕ್ಕೆ ಕಿಫ್ ಎನ್ನುತ್ತಾರೆ. ತಂಬಾಕು ಬೆರೆಸಿ ಉದ್ದನೆಯ ಕೊಳವೆಯಲ್ಲಿ ಸೇದುವುದು ರೂಢಿ. ನಮ್ಮ ಚಿಲುಮೆಯಲ್ಲೂ ಹೆಚ್ಚಾಗಿ ಅದೇ ಮಿಶ್ರಣ.

ತಕರಾರು ಹುಟ್ಟುವುದೂ ಇಲ್ಲಿಯೇ. ತಂಬಾಕಿನಿಂದ ಕೈಕಾಲುಗಳ ಸಣ್ಣ ರಕ್ತನಾಳಗಳು ಉರಿಯೂತದಿಂದ ಕಟ್ಟಿಕೊಳ್ಳುವ ಕಾಯಿಲೆಯನ್ನು ಲಿಯೋ ಬರ್ಗರ್ 1908ರಲ್ಲೇ ವಿವರಿಸಿದ್ದ. ಆಂಜಿಯೋಗ್ರಾಂನಲ್ಲಿ ಬರ್ಗರ್ ಹೇಳಿದ್ದೂ ಗಾಂಜಾದ್ದೂ ಒಂದೇ ಥರ: ಮೊಣಕಾಲಿನ ಕೆಳಗೆ ನಾಳ ಥಟ್ಟನೆ ನಿಂತುಬಿಟ್ಟಿರುತ್ತದೆ, ಪಕ್ಕದಿಂದ ಸುರುಳಿ ಸುರುಳಿಯಾದ ಕವಲುಗಳು ರಕ್ತ ಒಯ್ಯಲು ಹೆಣಗುತ್ತಿರುತ್ತವೆ. ಗಾಂಜಾದ್ದು ಬೇರೆ ಕಾಯಿಲೆಯೇ ಅಲ್ಲ ಎನ್ನುವ ತಜ್ಞರೂ ಇದ್ದಾರೆ. ಇರಲಿ, ಬೆರಳಿಗೆ ಹೆಸರಿನ ಹಂಗಿಲ್ಲ. ಸ್ಟೆಂಟ್ ಹಾಕೋಣವೆಂದರೆ ನಾಳ ತೀರಾ ಸಣ್ಣದು, ಬೈಪಾಸ್ ಮಾಡೋಣವೆಂದರೆ ಹೊಲಿಯಲು ಕೆಳಗೆ ಒಳ್ಳೆಯ ನಾಳವೇ ಉಳಿದಿರುವುದಿಲ್ಲ. ಗಾಂಜಾ, ತಂಬಾಕು ಎರಡನ್ನೂ ಸೇದುವುದು ಬಿಟ್ಟರೆ ಹುಣ್ಣು ಮಾಯುವ ಆಸೆಯುಂಟು. ಬಿಡದಿದ್ದರೆ ಇಂದು ಬೆರಳು, ನಾಳೆ ಪಾದ.

'ಬರೀ ಸೊಪ್ಪು, ಬೀಡಿಗಿಂತ ವಾಸಿ' ಎನ್ನುವವರಿಗೆ ಹೃದಯದ ಮಾತನ್ನೂ ಹೇಳಬೇಕು. ಗಾಂಜಾ ಸೇದಿದ ಮೊದಲ ಒಂದು ಗಂಟೆಯಲ್ಲಿ ಹೃದಯಾಘಾತದ ಸಂಭವ 4.8 ಪಟ್ಟು ಏರುತ್ತದೆಂದು 2001ರ ಅಮೆರಿಕದ ಅಧ್ಯಯನ ಲೆಕ್ಕ ಹಾಕಿತು. 3,882 ರೋಗಿಗಳಲ್ಲಿ ಆ ಗಂಟೆಯೊಳಗೆ ಸೇದಿದ್ದವರು ಒಂಬತ್ತೇ ಜನ. ಹಾಗಾಗಿ ಅಂಕಿಯನ್ನು ಕಲ್ಲಿನ ಮೇಲೆ ಕೆತ್ತಬೇಕಿಲ್ಲ. ಆದರೆ ನಾಡಿ ಏರುವುದು, ಹೊಗೆಯ ಕಾರ್ಬನ್ ಮೊನಾಕ್ಸೈಡ್ ಆಮ್ಲಜನಕದ ಜಾಗ ಕಸಿಯುವುದು ಎರಡೂ ನಿಜ. ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಪಾರ್ಶ್ವವಾಯುವಿಗೆ ತುತ್ತಾದ 48 ಯುವ ರೋಗಿಗಳನ್ನು ಪರೀಕ್ಷಿಸಿದಾಗ, ಗಾಂಜಾ ಸೇದುತ್ತಿದ್ದ ಹತ್ತು ಮಂದಿಯ ಮಿದುಳಿನ ನಾಳಗಳು ಹಲವೆಡೆ ಕಿರಿದಾಗಿದ್ದವು.

ನಮ್ಮಲ್ಲಿನ ತೊಡಕೇ ಬೇರೆ. 'ಬೀಡಿ, ಸಿಗರೇಟು?' ಎಂದು ಡಾಕ್ಟರು ಕೇಳುತ್ತಾರೆ. ಪಕ್ಕದಲ್ಲಿ ಅಮ್ಮ ನಿಂತಿದ್ದಾಳೆ. 1985ರ ಮಾದಕವಸ್ತು ಕಾಯ್ದೆಯ ಭಯವೂ ಇದೆ. ಹುಡುಗ ತಲೆಯಾಡಿಸಿ ಇಲ್ಲವೆನ್ನುತ್ತಾನೆ. ಅಮ್ಮನನ್ನು ಔಷಧಿ ತರಲು ಕಳಿಸಿ, ಬಾಗಿಲು ಮುಂದೆ ಮಾಡಿ, ಇನ್ನೊಂದು ಸಲ ಕೇಳಬೇಕು. ಈ ಸಲ ಹೆಸರು ಹಿಡಿದೇ ಕೇಳಬೇಕು.