ಓದೋಕೆ ಮೂಡ್ ಇಲ್ವಾ? ಮೂಡ್ ಬರೋಕೆ ಕಾಯ್ಬೇಡಿ

(ಈ ವಾರದ ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಇಯರ್‌ಫೋನ್ ಹಾಕ್ಕೊಂಡು ಬಸ್ಸಲ್ಲಿ ಕೂತಿರೋರಿಗೂ, ಪಿಜಿ ರೂಮಲ್ಲಿ ಪುಸ್ತಕ ತೆರೆದಿಟ್ಟು ಓದೋ ಬದಲು ಇದನ್ನ ಪ್ಲೇ ಮಾಡಿರೋರಿಗೂ ಸ್ವಾಗತ. ಎರಡನೇ ಗುಂಪಿನವರೇ, ಇವತ್ತಿನ ವಿಷಯ ನಿಮ್ಮದೇ.

ಕೆಲವು ವಾರಗಳಿಂದ ಒಂದೇ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಬರ್ತಿದೆ. ಸಿಎ ಇಂಟರ್ ಬರೀತಿರೋರು, ಬಿಕಾಂ ಕೊನೆ ಸೆಮಿಸ್ಟರ್‌ನವರು, ಎಫ್‌ಡಿಎ ಪರೀಕ್ಷೆಗೆ ತಯಾರಾಗ್ತಿರೋರು, ಎಲ್ಲರೂ ಕೇಳೋದು ಇದನ್ನೇ: "ಓದ್ಬೇಕು ಅಂತ ಗೊತ್ತು. ಟೈಮೂ ಇದೆ. ಆದ್ರೆ ಮನಸ್ಸೇ ಬರಲ್ಲ. ಏನ್ ಮಾಡ್ಲಿ?"

ನಾನು ಬಿಕಾಂ ಓದಿದವಳು, ನನ್ನ ಕ್ಲಾಸಿನ ಹಲವರು ಸಿಎ ದಾರಿ ಹಿಡಿದವರು. ಹಾಗಾಗಿ ಸಿಎ ಇಂಟರನ್ನೇ ಉದಾಹರಣೆಯಾಗಿ ಇಟ್ಕೊಂಡು ಮಾತಾಡ್ತೀನಿ. ನೀವು ಬೇರೆ ಏನೇ ಓದ್ತಿದ್ರೂ ಲೆಕ್ಕ ಒಂದೇ.

ಮುಂದಕ್ಕೆ ಹೋಗ್ತಿರೋದು ಯಾವುದು?

ಸಿಎ ಇಂಟರ್‌ನಲ್ಲಿ ಈಗ 2 ಗ್ರೂಪ್, ಒಂದೊಂದರಲ್ಲಿ 3 ಪೇಪರ್, ಒಟ್ಟು 6. ಒಂದು ಗ್ರೂಪ್ ಪಾಸಾಗ್ಬೇಕು ಅಂದ್ರೆ ಪ್ರತಿ ಪೇಪರಲ್ಲೂ ಕನಿಷ್ಠ 40 ಅಂಕ ಬರ್ಬೇಕು, ಒಟ್ಟಾರೆ 50 ಪರ್ಸೆಂಟ್ ಇರ್ಬೇಕು. ಅಂದ್ರೆ ಎರಡು ಪೇಪರಲ್ಲಿ 55 ತಗೊಂಡು ಮೂರನೆಯದರಲ್ಲಿ 38 ಬಂದ್ರೆ ಗ್ರೂಪ್ ಹೋಯ್ತು. ಮತ್ತೆ ಫೀಸು, ಮತ್ತೆ ಕೆಲವು ತಿಂಗಳು, ಮತ್ತೆ ಮನೆಯಲ್ಲಿ "ಈ ಸಲನಾದ್ರೂ ಆಗತ್ತೇನೋ?" ಅನ್ನೋ ಪ್ರಶ್ನೆ.

ಈಗ ನಿಮ್ಮನ್ನ ನೀವೇ ಕೇಳ್ಕೊಳ್ಳಿ. ಓದೋಕೆ ಮನಸ್ಸಿಲ್ಲ ಅಂದಾಗ ಎಲ್ಲ ಸಬ್ಜೆಕ್ಟೂ ಸಮವಾಗಿ ಮುಂದಕ್ಕೆ ಹೋಗತ್ತಾ? ಸಾಮಾನ್ಯವಾಗಿ ಇಲ್ಲ. ಇಷ್ಟವಾದ ಅಕೌಂಟ್ಸ್ ಸಮ್ ಮಾಡ್ತೀವಿ, ಕಾಸ್ಟಿಂಗ್ ನಾಳೆಗೆ ತಳ್ತೀವಿ. ಅಥವಾ ಕಾಸ್ಟಿಂಗ್ ಮಾಡಿ ಆಡಿಟಿಂಗ್ ಬಿಡ್ತೀವಿ. ಸಮಸ್ಯೆ ಇರೋದು ಇಲ್ಲೇ. ನಮ್ಮ ಮನಸ್ಸು ಬೇಡ ಅನ್ನೋ ಪೇಪರೇ ಕೊನೆಗೆ ನಮ್ಮ ರಿಸಲ್ಟ್ ಬರೆಯೋದು. ಹಾಗಾಗಿ "ನಾನು ಸೋಮಾರಿ" ಅಂತ ತೀರ್ಪು ಕೊಡೋ ಮೊದಲು, ನಿರ್ದಿಷ್ಟವಾಗಿ ಯಾವುದರಿಂದ ತಪ್ಪಿಸ್ಕೊಳ್ತಿದ್ದೀನಿ ಅಂತ ಒಂದು ಚೀಟಿಯಲ್ಲಿ ಬರೆಯಿರಿ. ವಿಷಯ ಅಲ್ಲ, ಅಧ್ಯಾಯದ ಹೆಸರು ಬರೆಯಿರಿ.

ಇದು ಟೈಮಿನ ಸಮಸ್ಯೆ ಅಲ್ಲ

ಮುಂದೂಡುವ ಅಭ್ಯಾಸದ ಬಗ್ಗೆ ಫ್ಯೂಷಿಯಾ ಸಿರೋಯಿ ಮತ್ತು ಟಿಮೊಥಿ ಪಿಚಿಲ್ ಅನ್ನೋ ಇಬ್ಬರು ಮನಶ್ಶಾಸ್ತ್ರಜ್ಞರು 2013ರಲ್ಲಿ ಒಂದು ಲೇಖನ ಬರೆದ್ರು. ಅವರ ವಾದ ಸರಳ: ನಾವು ಕೆಲಸ ಮುಂದೂಡೋದು ಸಮಯ ನಿಭಾಯಿಸೋಕೆ ಬರಲ್ಲ ಅಂತ ಅಲ್ಲ, ಆ ಕ್ಷಣದ ಕೆಟ್ಟ ಭಾವನೆಯಿಂದ ಪಾರಾಗೋಕೆ. ಪುಸ್ತಕ ನೋಡಿದ ಕೂಡಲೇ ಒಂದು ಕಿರಿಕಿರಿ ಆಗತ್ತೆ. ಪುಸ್ತಕ ಮುಚ್ಚಿ ರೀಲ್ಸ್ ತೆಗೆದ್ರೆ ಕಿರಿಕಿರಿ ಹೋಗತ್ತೆ. ಮುಚ್ಚಿದ್ದಕ್ಕೆ ಬಹುಮಾನ ಸಿಕ್ತಲ್ಲ, ನಾಳೆ ಮನಸ್ಸು ಅದನ್ನೇ ಮಾಡತ್ತೆ.

ಆ ಕಿರಿಕಿರಿ ಸಾಮಾನ್ಯವಾಗಿ ಮೂರು ಥರ ಇರತ್ತೆ, ಮೂರಕ್ಕೂ ಔಷಧಿ ಬೇರೆ ಬೇರೆ.

ಒಂದು, ಗೊಂದಲ. ಪ್ರಾಸೆಸ್ ಕಾಸ್ಟಿಂಗ್‌ನಲ್ಲಿ ಈಕ್ವಿವಲೆಂಟ್ ಯೂನಿಟ್ಸ್ ಅರ್ಥವಾಗ್ತಿಲ್ಲ ಅಂತಿಟ್ಕೊಳ್ಳಿ. ಅಲ್ಲೇ ತಲೆ ಚಚ್ಚಿಕೊಂಡು ಪ್ರಯೋಜನ ಇಲ್ಲ. ಅದಕ್ಕೂ ಹಿಂದಿನ ಯಾವುದೋ ಮೆಟ್ಟಿಲು ತಪ್ಪಿರತ್ತೆ. ಒಂದು ಹೆಜ್ಜೆ ಹಿಂದೆ ಹೋಗಿ, ಬಿಡಿಸಿಟ್ಟ ಒಂದು ಲೆಕ್ಕವನ್ನ ಸಾಲು ಸಾಲಾಗಿ ನೋಡಿ ಬರೆಯಿರಿ. ಯಾವ ಸಾಲಲ್ಲಿ "ಇದು ಎಲ್ಲಿಂದ ಬಂತು?" ಅನ್ಸತ್ತೋ ಅದೇ ನಿಮ್ಮ ಡೌಟ್. ಅದನ್ನ ಮಾತ್ರ ಯಾರನ್ನಾದ್ರೂ ಕೇಳಿ. "ಕಾಸ್ಟಿಂಗ್ ಬರಲ್ಲ" ಅಂದ್ರೆ ಯಾರಿಗೂ ಸಹಾಯ ಮಾಡೋಕೆ ಆಗಲ್ಲ.

ಎರಡು, ಭಯ. ಮಾಕ್ ಟೆಸ್ಟ್ ಪೇಪರ್ ಡೌನ್‌ಲೋಡ್ ಆಗಿದೆ, ತೆರೆಯೋಕೆ ಧೈರ್ಯ ಇಲ್ಲ. ಕಡಿಮೆ ಬಂದ್ರೆ ಅನ್ನೋ ಹೆದರಿಕೆ. ಇಲ್ಲಿ ಪೂರ್ತಿ 3 ಗಂಟೆಯ ಪೇಪರ್ ಬರೆಯೋ ಶಪಥ ಮಾಡ್ಬೇಡಿ. ಒಂದೇ ಪ್ರಶ್ನೆ ಆರಿಸಿ, ಪುಸ್ತಕ ಪಕ್ಕದಲ್ಲಿಟ್ಕೊಂಡೇ ಬರೆಯಿರಿ. ನಾಳೆ ಪುಸ್ತಕ ಇಲ್ದೆ ಬರೆಯಿರಿ. ಅಂಕ ಹಾಕೋ ಕೆಲಸ ಮೂರನೇ ದಿನಕ್ಕಿರಲಿ.

ಮೂರು, ಬೇಜಾರು. ಆಡಿಟಿಂಗ್ ಸ್ಟ್ಯಾಂಡರ್ಡ್ಸ್ ಓದೋವಾಗ ಆಕಳಿಕೆ ಬರತ್ತೆ, ಅದು ನಿಮ್ಮ ತಪ್ಪಲ್ಲ. ಸುಮ್ನೆ ಕೂತು ಓದೋದು ಬಿಟ್ಟು ಎದ್ದು ನಿಂತು ಜೋರಾಗಿ ಓದಿ, ಗೆಳೆಯನಿಗೆ ಫೋನಲ್ಲಿ ವಿವರಿಸಿ. ಬಾಯಿ, ಕೈ ಕೆಲಸ ಮಾಡಿದ್ರೆ ನಿದ್ದೆ ಸ್ವಲ್ಪ ದೂರ ಇರತ್ತೆ.

ಒಂದು ಸೇಬು, ಎರಡು ಸೇಬು

ಸರಿ, ಕಾರಣ ಗೊತ್ತಾಯ್ತು. ಆದ್ರೂ ನಾವು "ನಾಳೆಯಿಂದ ದಿನಕ್ಕೆ 10 ಗಂಟೆ" ಅಂತ ಅಷ್ಟು ಸುಲಭವಾಗಿ ನಂಬೋದು ಹೇಗೆ? ಇದಕ್ಕೆ ಉತ್ತರ ಅರ್ಥಶಾಸ್ತ್ರದಲ್ಲಿದೆ. 2017ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ರಿಚರ್ಡ್ ಥೇಲರ್ 1981ರಲ್ಲೇ ಒಂದು ಚೆಂದದ ಉದಾಹರಣೆ ಕೊಟ್ಟಿದ್ರು. ಇವತ್ತು ಒಂದು ಸೇಬು ಬೇಕಾ, ನಾಳೆ ಎರಡು ಬೇಕಾ ಅಂದ್ರೆ ಕೆಲವರು ಇವತ್ತಿಂದೇ ಕೊಡಿ ಅಂತಾರೆ. ಆದ್ರೆ ಒಂದು ವರ್ಷ ಬಿಟ್ಟು ಒಂದು ಬೇಕಾ, ಒಂದು ವರ್ಷ ಒಂದು ದಿನ ಬಿಟ್ಟು ಎರಡು ಬೇಕಾ ಅಂದ್ರೆ ಒಂದೇ ಸೇಬು ಸಾಕು ಅನ್ನೋರು ಸಿಗೋದು ಕಷ್ಟ. ಎರಡರಲ್ಲೂ ಕಾಯೋದು ಒಂದೇ ದಿನ. ಆದ್ರೆ "ಈಗ" ಅನ್ನೋದು ಎದುರಿಗೆ ಬಂದಾಗ ನಮ್ಮ ಲೆಕ್ಕವೇ ಬದಲಾಗತ್ತೆ.

ಓದೂ ಹಾಗೇ. ಮುಂದಿನ ಸೋಮವಾರ ಬೆಳಿಗ್ಗೆ 5 ಗಂಟೆಗೆ ಏಳೋದು ಇವತ್ತು ಸುಲಭ ಅನ್ಸತ್ತೆ. ಸೋಮವಾರ 5 ಗಂಟೆಗೆ ಹೊದಿಕೆ ಒಳಗಿರೋ ನೀವೇ ಬೇರೆ. ಹಾಗಾಗಿ ಯೋಜನೆ ಮಾಡೋವಾಗ ಹುರುಪಿನಲ್ಲಿರೋ ನಿಮ್ಮನ್ನ ನೋಡಿ ಮಾಡ್ಬೇಡಿ, ಹೊದಿಕೆ ಒಳಗಿರೋ ನಿಮ್ಮನ್ನ ನೋಡಿ ಮಾಡಿ. ಮೋಟಿವೇಷನ್ ವಿಡಿಯೋಗಳ ತೊಂದರೆಯೂ ಇದೇ. ಅವು ಹುರುಪು ತುಂಬತ್ವೆ, ಆದ್ರೆ ಕಷ್ಟದ ಸಮ್ ಎದುರಿಗೆ ಬರೋ ಹೊತ್ತಿಗೆ ಅದು ಇಳಿದಿರತ್ತೆ.

ಹೊತ್ತು, ಜಾಗ, ಮೊದಲ ಕೆಲಸ

ಹಾಗಾದ್ರೆ ಹೇಗೆ ಯೋಜನೆ ಮಾಡೋದು? ಪೀಟರ್ ಗೋಲ್ವಿಟ್ಜರ್ ಅನ್ನೋ ಮನಶ್ಶಾಸ್ತ್ರಜ್ಞ ಈ ಬಗ್ಗೆ ಬಹಳ ಕೆಲಸ ಮಾಡಿದ್ದಾರೆ. 1997ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ವಿದ್ಯಾರ್ಥಿಗಳಿಗೆ ಕ್ರಿಸ್‌ಮಸ್ ರಜೆಯಲ್ಲಿ ಒಂದು ವರದಿ ಬರೆಯೋಕೆ ಹೇಳಿದ್ರು. ರಜೆ ಅಂದ್ರೆ ಗೊತ್ತಲ್ಲ, ಯಾರೂ ಬರೆಯಲ್ಲ. ಯಾವಾಗ, ಎಲ್ಲಿ ಕೂತು ಬರೀತೀನಿ ಅಂತ ಮೊದಲೇ ನಿರ್ಧರಿಸಿದ್ದ ಗುಂಪಿನಲ್ಲಿ ಸಮಯಕ್ಕೆ ಮುಗಿಸಿದವರು ಉಳಿದವರಿಗಿಂತ ತುಂಬಾ ಹೆಚ್ಚು. "ಇದಾದ ಮೇಲೆ ಅದು" ಅಂತ ಮೊದಲೇ ಗಂಟು ಹಾಕಿದ್ರೆ, ಆ ಹೊತ್ತಲ್ಲಿ ಮನಸ್ಸಿನ ಜೊತೆ ಚರ್ಚೆ ಮಾಡೋ ಕೆಲಸ ಕಡಿಮೆಯಾಗತ್ತೆ.

"ರಾತ್ರಿ ಕಾಸ್ಟಿಂಗ್ ಓದ್ತೀನಿ" ಅನ್ನೋದು ಯೋಜನೆ ಅಲ್ಲ, ಆಸೆ. ಯೋಜನೆ ಅಂದ್ರೆ ಹೀಗೆ: "ಊಟ ಮುಗಿಸಿ ತಟ್ಟೆ ತೊಳೆದಿಟ್ಟ ಮೇಲೆ, ಕಿಟಕಿ ಪಕ್ಕದ ಮೇಜಲ್ಲಿ ಕೂತು, ಪ್ರಾಸೆಸ್ ಕಾಸ್ಟಿಂಗ್‌ನ 4ನೇ ಸಮ್‌ನ ಫಾರ್ಮ್ಯಾಟ್ ಹಾಕ್ತೀನಿ." ಬರೀ ಫಾರ್ಮ್ಯಾಟ್. ಡೆಬಿಟ್, ಕ್ರೆಡಿಟ್, ಗೆರೆ, ಹೆಡಿಂಗ್. ಅಷ್ಟಕ್ಕೆ ಮೂಡ್ ಬೇಕಾಗಿಲ್ಲ. ಗೆರೆ ಹಾಕಿದ ಮೇಲೆ ಎಷ್ಟೋ ಸಲ ಅಂಕಿ ತುಂಬೋಕೆ ಕೈ ತಾನಾಗೇ ಹೋಗತ್ತೆ. ಹೋಗದಿದ್ರೆ ಫಾರ್ಮ್ಯಾಟ್ ಆದ್ರೂ ಆಯ್ತಲ್ಲ, ನಾಳೆ ಖಾಲಿ ಹಾಳೆಯಿಂದ ಶುರುಮಾಡೋ ಕಷ್ಟ ಇಲ್ಲ. ನಾವು ಮೂಡ್ ಬಂದ್ಮೇಲೆ ಶುರು ಮಾಡೋಣ ಅಂತೀವಿ. ಬಹಳ ಸಲ ಶುರು ಮಾಡಿದ್ಮೇಲೇ ಮೂಡ್ ಬರೋದು.

ಟೈಮ್ ಇಟ್ಕೊಳ್ಳೋಕೆ ಪೊಮೊಡೊರೊ ವಿಧಾನ ನಿಮಗೆ ಗೊತ್ತಿರಬಹುದು. ಇಟಲಿಯ ಫ್ರಾನ್ಸೆಸ್ಕೊ ಸಿರಿಲ್ಲೊ ವಿದ್ಯಾರ್ಥಿಯಾಗಿದ್ದಾಗ ಟೊಮ್ಯಾಟೊ ಆಕಾರದ ಅಡುಗೆಮನೆ ಟೈಮರ್ ಇಟ್ಕೊಂಡು ಶುರುಮಾಡಿದ್ದು. 25 ನಿಮಿಷ ಓದು, 5 ನಿಮಿಷ ಬಿಡುವು. 25 ಜಾಸ್ತಿ ಅನ್ಸಿದ್ರೆ 10 ಇಡಿ. ಫೋನಲ್ಲಿ ಟೈಮರ್ ಇಟ್ರೆ ಫೋನನ್ನ ಬೇರೆ ರೂಮಲ್ಲಿಡಿ. ಗಂಟೆ ಹೊಡೆದ್ರೆ ಕೇಳಿಸತ್ತೆ, ನೋಟಿಫಿಕೇಷನ್ ಕಾಣಿಸಲ್ಲ.

ಓದಿದ್ದು ಉಳಿದ್ರೆ ಓದೋ ಆಸೆಯೂ ಉಳಿಯತ್ತೆ

ಮನಸ್ಸು ಬರದೇ ಇರೋಕೆ ಇನ್ನೊಂದು ಕಾರಣ, ಎಷ್ಟು ಓದಿದ್ರೂ ನೆನಪಿರಲ್ಲ ಅನ್ನೋ ನಿರಾಸೆ. 2006ರಲ್ಲಿ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕ್ ಒಂದು ಪ್ರಯೋಗ ಪ್ರಕಟಿಸಿದ್ರು. ಕೆಲವು ವಿದ್ಯಾರ್ಥಿಗಳು ಪಾಠವನ್ನ ಮತ್ತೆ ಮತ್ತೆ ಓದಿದ್ರು, ಇನ್ನು ಕೆಲವರು ಓದಿ, ಪುಸ್ತಕ ಮುಚ್ಚಿ, ನೆನಪಾದಷ್ಟು ಬರೆದ್ರು. 5 ನಿಮಿಷದ ನಂತರ ಪರೀಕ್ಷೆ ಇಟ್ಟಾಗ ಮತ್ತೆ ಮತ್ತೆ ಓದಿದವರೇ ಮುಂದೆ. ಒಂದು ವಾರದ ನಂತರ ಇಟ್ಟಾಗ ಮುಚ್ಚಿ ಬರೆದವರು ಮುಂದೆ.

ಹಾಗಾಗಿ ಹೈಲೈಟರ್ ಹಿಡಿದು 20 ಪುಟ ಬಣ್ಣ ಹಚ್ಚೋ ಬದಲು 4 ಪುಟ ಓದಿ ಮುಚ್ಚಿ. "ಅಬ್‌ನಾರ್ಮಲ್ ಲಾಸ್ ಯಾಕೆ ಬೇರೆ ಖಾತೆಗೆ ಹೋಗತ್ತೆ?" ಅಂತ ಕೇಳ್ಕೊಂಡು ನಿಮ್ಮ ಮಾತಲ್ಲೇ ಎರಡು ಸಾಲು ಬರೆಯಿರಿ. ಮೊದಮೊದಲು ಕಿರಿಕಿರಿ ಆಗತ್ತೆ, ಆಮೇಲೆ "ಅರೆ, ನನಗೆ ಬರತ್ತೆ" ಅನ್ನೋದು ಕಣ್ಣಿಗೆ ಕಾಣತ್ತೆ. ಯಾವ ಮೋಟಿವೇಷನ್ ವಿಡಿಯೋನೂ ಅದನ್ನ ಕೊಡಲ್ಲ.

ಒಂದು ದಿನ ಹಾಳಾದ್ರೆ

ಆಗತ್ತೆ. ಮದುವೆ ಇರತ್ತೆ, ಮ್ಯಾಚ್ ಇರತ್ತೆ, ಸುಮ್ನೆ ಕೂತು ದಿನ ಕಳೆದಿರತ್ತೆ. ಆಗ ನಮ್ಮನ್ನ ನಾವೇ ಬೈಕೊಳ್ತೀವಿ. ಕೆನಡಾದಲ್ಲಿ ಮೊದಲ ವರ್ಷದ ವಿದ್ಯಾರ್ಥಿಗಳ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮೊದಲ ಪರೀಕ್ಷೆಗೆ ಓದು ಮುಂದೂಡಿದ್ದಕ್ಕೆ ತಮ್ಮನ್ನ ತಾವು ಕ್ಷಮಿಸಿಕೊಂಡವರು ಮುಂದಿನ ಪರೀಕ್ಷೆಗೆ ಕಡಿಮೆ ಮುಂದೂಡಿದ್ರು. ಬೈಕೊಂಡಷ್ಟೂ ಪುಸ್ತಕ ನೋಡಿದಾಗ ಆಗೋ ಕಿರಿಕಿರಿ ಹೆಚ್ಚಾಗತ್ತೆ, ಅದರಿಂದ ಓಡೋದೂ ಹೆಚ್ಚಾಗತ್ತೆ. ನಿನ್ನೆಯ 10 ಗಂಟೆಯನ್ನ ಇವತ್ತಿನ ಲೆಕ್ಕಕ್ಕೆ ಸೇರಿಸ್ಬೇಡಿ. ಇವತ್ತಿನ ಒಂದು ಸಮ್ ಮಾಡಿ, ಸಾಕು.

ಕೊನೆಯದಾಗಿ ಒಂದು ಗಂಭೀರ ವಿಷಯ. ಓದೋಕಷ್ಟೇ ಅಲ್ಲ, ಇಷ್ಟವಾದ ಯಾವುದಕ್ಕೂ ಮನಸ್ಸಿಲ್ಲ, ಎರಡು ವಾರದಿಂದ ಹೀಗೇ ಇದೆ, ನಿದ್ದೆ ಊಟ ಕೆಟ್ಟಿದೆ ಅಂದ್ರೆ ಟೈಮರ್, ಯೋಜನೆ ಇದ್ಯಾವುದೂ ಸಾಲಲ್ಲ. ಮನೆಯಲ್ಲಿ ನಂಬಿಕೆ ಇರೋ ಒಬ್ಬರಿಗೆ ಹೇಳಿ, ವೈದ್ಯರನ್ನ ನೋಡಿ. 14416ಕ್ಕೆ ಕರೆ ಮಾಡಿದ್ರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಸಿಗತ್ತೆ. ದಿನದ 24 ಗಂಟೆ, ಉಚಿತ, ಕನ್ನಡದಲ್ಲೇ ಮಾತಾಡಬಹುದು. ಜೀವ ಬೇಡ ಅನ್ನೋ ಯೋಚನೆ ಬರ್ತಿದ್ರೆ ಎರಡು ವಾರ ಕಾಯ್ಬೇಡಿ, ಈಗಲೇ ಮಾಡಿ. ಪರೀಕ್ಷೆ ಮತ್ತೆ ಬರತ್ತೆ.

ಉಳಿದವರಿಗೆ ಇವತ್ತಿನ ಹೋಂವರ್ಕ್ ಇಷ್ಟೇ. ಆ ಚೀಟಿ ತಗೊಳ್ಳಿ. ತಪ್ಪಿಸ್ಕೊಳ್ತಿರೋ ಅಧ್ಯಾಯದ ಹೆಸರು, ಕಾರಣ ಗೊಂದಲವೋ ಭಯವೋ ಬೇಜಾರೋ, ಇವತ್ತು ಯಾವುದಾದ ಮೇಲೆ ಎಲ್ಲಿ ಕೂತು ಯಾವ ಚಿಕ್ಕ ಕೆಲಸ ಮಾಡ್ತೀರಿ, ಈ ಮೂರು ಸಾಲು ಬರೆಯಿರಿ. ಬರೆದಾದ ಮೇಲೆ ಈ ಆ್ಯಪ್ ಮುಚ್ಚಿ. ಮುಂದಿನ ವಾರ ಸಿಗೋಣ.